ಒಂಬತ್ತು ಗಂಟೆಯ ರಂಗೋಲಿ

ಮನೆಯಿಂದ ಯಾರಾದರೂ ಹೊರಟ ಕೂಡಲೇ ಬಾಗಿಲು ಗುಡಿಸಬಾರದು ಎಂಬುದು ಮಾರಮ್ಮನ ಕಟ್ಟಳೆ. ಹೋದವರ ಹೆಜ್ಜೆಯನ್ನೇ ಗುಡಿಸಿ ಹಾಕಿದ ಹಾಗಾಗುತ್ತದಂತೆ. ಬಾಗಲಗುಂಟೆಯ ಆ ಬೀದಿಯ ಮಿಕ್ಕ ಹೆಂಗಸರು ಆರು ಗಂಟೆಗೆಲ್ಲ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು ಒಳಗೆ ಹೋಗಿರುತ್ತಿದ್ದರು. ಈ ಮನೆಯಲ್ಲಿ ಮಾತ್ರ ಮಗ ವಿಜಯ್ ಕುಮಾರ್ ಪೀಣ್ಯದ ಲೇತ್ ಶಾಪಿಗೆ ಹೋಗಬೇಕು, ಮೊಮ್ಮಗಳು ರಕ್ಷಿತಾ ಯಶವಂತಪುರದ ಕಾಲೇಜಿಗೆ ಹೋಗಬೇಕು, ಸೊಸೆ ಮಾಲಾ ಗಾರ್ಮೆಂಟ್ಸ್ ವ್ಯಾನು ಹತ್ತಬೇಕು. ಏಳೂವರೆಗೆ ಮನೆ ಖಾಲಿಯಾದ ಮೇಲೆ, ಅವರವರು ಅವರವರ ಜಾಗ ಮುಟ್ಟಿರಬಹುದು ಎನ್ನುವಷ್ಟು ಹೊತ್ತು ಕಾದು, ಎಂಟೂವರೆ ಒಂಬತ್ತರ ನಡುವೆ ಮಾರಮ್ಮ ಪೊರಕೆ ಹಿಡಿಯುತ್ತಿದ್ದಳು. ವಯಸ್ಸು ಎಂಬತ್ತು ದಾಟಿದರೂ ಆ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಸೊಸೆಗೂ ಒಂದು ಕೆಲಸ ಕಡಿಮೆ, ಅವಳೂ ಕೇಳಿರಲಿಲ್ಲ.

ಕಾರ್ತಿಕದಲ್ಲಿ ಮಾರಮ್ಮ ಅಡುಗೆಮನೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೈಯ ಪಟ್ಟಿ ಬಿಚ್ಚುವ ಮೊದಲೇ ಆರ್.ಟಿ. ನಗರದಿಂದ ಹಿರಿಯ ಮಗ ಮನೋಹರ್ ಬಂದು ಕೂತ.

"ಅಮ್ಮ, ಚಿಕ್ಕಬಾಣಾವರದ ಆಚೆ ಒಂದು ನರ್ಸಿಂಗ್ ಹೋಂ ನೋಡ್ಕೊಂಡ್ ಬಂದಿದೀನಿ. ವಯಸ್ಸಾದೋರಿಗೇ ಅಂತ ಇರೋದು. ದಿನಾ ಡಾಕ್ಟ್ರು ಬರ್ತಾರೆ. ಮುಂದೆ ಹೂವಿನ ಗಿಡ ಎಲ್ಲ ಹಾಕಿದಾರೆ."

"ಊವಿನ ಗಿಡ ನೋಡ್ಕಂಡು ಸಾಯಕ್ಕೇನೋ?"

"ಸಾಯೋ ಮಾತ್ಯಾಕೆ ಈಗ? ಹಗಲೆಲ್ಲ ನಿನ್ನ ಇಲ್ಲಿ ನೋಡ್ಕೊಳ್ಳೋರು ಯಾರಿದಾರೆ?"

"ಇಷ್ಟ್ ದಿನ ಯಾರಿದ್ರು? ನಾನೇ ನಿಮ್ಮುನ್ನೆಲ್ಲಾ ನೋಡ್ಕಂಡಿದ್ದು."

ಮನೋಹರ್ ಕೆಟ್ಟವನಲ್ಲ. ಬೆನ್ನಿನ ಆಪರೇಷನ್ ಆಗಿ ಹೆಂಡತಿ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಅವಳಿಗೆ ಗಂಜಿ ಕಾಯಿಸಿಟ್ಟು ಆಫೀಸಿಗೆ ಓಡುವ ಮನುಷ್ಯ. ತಾಯಿಯನ್ನೂ ಅಲ್ಲಿಗೆ ಕರೆದೊಯ್ಯುತ್ತೇನೆ ಎಂದು ಬಾಯಿಮಾತಿಗೂ ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

"ಬೇಡ ಭಾವ," ಎಂದಳು ಮಾಲಾ. "ಇಲ್ಲೇ ಇರ್ಲಿ. ನಾವು ನೋಡ್ಕೋತೀವಿ."

ವಿಜಯ್ ಕುಮಾರ್ ತಟ್ಟೆಯಿಂದ ತಲೆಯೆತ್ತಿದ. "ನೋಡ್ಕೋತೀವಿ ಅಂದ್ರೆ? ಕೆಲಸ ಬಿಡ್ತೀಯಾ?"

"ನೀವೇ ಬಿಡಿ. ನನ್ನ ಸಂಬಳ ನಿಂತ್ರೆ ಇವಳ ಕಾಲೇಜೂ ನಿಲ್ಲುತ್ತೆ."

"ಕೇಳಿದ್ದಕ್ಕೆ ಉತ್ತರ ಕೊಡು ಅಂದ್ರೆ…"

"ಕೊಟ್ಟೆನಲ್ಲ."

ಒಂಬತ್ತನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವಳು ಮಾಲಾ. ಈ ಮನೆಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅತ್ತೆಯ ಜೊತೆ ಅವಳು ಜಗಳವಾಡದ ವಿಷಯವಿಲ್ಲ. ಸಾರಿನ ಉಪ್ಪಿಗೆ ಜಗಳ, ರಾಗಿ ಹಿಟ್ಟಿನ ನುಣುಪಿಗೆ ಜಗಳ, ಟಿವಿಯ ಸದ್ದಿಗೆ ಜಗಳ. ಆದರೆ ತಿಂಗಳು ತುಂಬದೆ ಹುಟ್ಟಿದ ರಕ್ಷಿತಾಳನ್ನು ನಲವತ್ತು ದಿನ ಎದೆಗವಚಿಕೊಂಡು ಕೂತಲ್ಲೇ ನಿದ್ದೆ ಮಾಡಿದವಳು ಈ ಅತ್ತೆಯೇ. ಅವಳನ್ನು ಯಾರದೋ ಹೂವಿನ ಗಿಡದ ಮುಂದೆ ಬಿಟ್ಟುಬರಲು ಮಾಲಾ ತಯಾರಿರಲಿಲ್ಲ.

"ಯುಗಾದಿ ತನಕ ನೋಡ್ತೀನಿ," ಎಂದ ಮನೋಹರ್ ಎದ್ದು ನಿಲ್ಲುತ್ತ. "ಅಷ್ಟರಲ್ಲಿ ಇನ್ನೊಂದು ಸಲ ಬಿದ್ರೆ ಯಾರ ಮಾತೂ ಕೇಳಲ್ಲ."

*

ಸುಮಾಳ ವಿಷಯ ತಿಳಿದದ್ದು ಮಾಲಾಳ ಜೊತೆ ವ್ಯಾನಿನಲ್ಲಿ ಬರುವ ಹೆಂಗಸಿನಿಂದ. ವಿದ್ಯಾರಣ್ಯಪುರದಲ್ಲಿ ಸಣ್ಣ ಆಫೀಸು ಇಟ್ಟುಕೊಂಡ ಒಂದು ಟ್ರಸ್ಟು, ಕೈಲಾಗದ ಮುದುಕರನ್ನು ಮನೆಯಲ್ಲೇ ಉಳಿಸಿಕೊಳ್ಳಲು ಮನೆಯವರಿಗೆ ಕೈಜೋಡಿಸುತ್ತದಂತೆ. ಸುಮಾ ಅವರ ನರ್ಸು. ನಲವತ್ತರ ಹೆಂಗಸು, ಬೆನ್ನಿಗೊಂದು ಚೀಲ, ಕೂತರೆ ಕಿರುಗುಟ್ಟುವ ಹಳೇ ಸ್ಕೂಟರು.

ಮೊದಲ ದಿನ ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಮನೋಹರನೂ ಬಂದಿದ್ದ. ಸುಮಾ ಬಚ್ಚಲಿನ ಗೋಡೆಗೆ ಉಕ್ಕಿನ ಹಿಡಿ ಹಾಕಿಸಬೇಕೆಂದಳು, ನೆಲಕ್ಕೆ ರಬ್ಬರ್ ಚಾಪೆ ಎಂದಳು, ಮಾತ್ರೆಗಳನ್ನು ಬೆಳಿಗ್ಗೆ ರಾತ್ರಿ ಎಂದು ಡಬ್ಬಿಯಲ್ಲಿ ವಿಂಗಡಿಸಿಟ್ಟಳು. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ತಾನು ಬಂದು ಸ್ನಾನ ಮಾಡಿಸಿ, ಕಾಲಿಗೆ ವ್ಯಾಯಾಮ ಮಾಡಿಸುತ್ತೇನೆ ಎಂದಳು. ಮಿಕ್ಕ ದಿನ ಬೀದಿಯವರೇ ಕಣ್ಣಿಟ್ಟಿರಬೇಕು.

ಎದುರುಮನೆಯ ಗಂಗಾದೇವಿ ತಾನಾಗಿಯೇ ಒಪ್ಪಿಕೊಂಡಳು. ಬಾಗಲಕೋಟೆ ಕಡೆಯ ಹೆಣ್ಣುಮಗಳು, ಗಂಡ ಶಿವಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತಿದ್ದಳು.

"ಹತ್ತಕ್ಕ ಒಲಿ ಮುಂದ ಕೂತ್ರ ಮೂರರ ತನಕ ಏಳಾಕ ಆಗೂದಿಲ್ರಿ," ಎಂದಳು ಗಂಗಾದೇವಿ. "ಅದರಕಿಂತ ಮೊದಲ ಒಮ್ಮೆ, ಆಮ್ಯಾಲ ಒಮ್ಮೆ ನೋಡ್ತೀನಿ. ಮುಂಜಾನೆ ನೋಡೂದು ಕಷ್ಟ ಇಲ್ರಿ, ಅಜ್ಜಿ ಒಂಬತ್ತರೊಳಗ ರಂಗೋಲಿ ಹಾಕೇ ಹಾಕ್ತಾಳ."

ಸುಮಾ ಪೆನ್ನು ನಿಲ್ಲಿಸಿದಳು. "ದಿನಾ ಅಜ್ಜಿನೇ ಹಾಕ್ತಾರಾ? ಎಲ್ಲರೂ ಹೋದ ಮೇಲೆ?"

"ಇನ್ಯಾರು ಆಕ್ತಾರೆ?" ಎಂದಳು ಮಾರಮ್ಮ ಸೆಟೆದುಕೊಂಡು.

ಸುಮಾಳಿಗೆ ಅದು ಬಹಳ ಹಿಡಿಸಿತು. ರಂಗೋಲಿ ಬಿದ್ದಿದೆ ಎಂದರೆ ಅಜ್ಜಿ ಎದ್ದಿದ್ದಾಳೆ, ನಡೆದಿದ್ದಾಳೆ, ಬಗ್ಗಿ ಮೇಲೆದ್ದಿದ್ದಾಳೆ ಎಂದರ್ಥ. ಒಂಬತ್ತಕ್ಕೆ ರಂಗೋಲಿ ಕಾಣದಿದ್ದರೆ ಗಂಗಾದೇವಿ ತನ್ನ ಹತ್ತಿರ ಕೊಟ್ಟಿಟ್ಟ ಬೀಗದ ಕೈಯಿಂದ ಬಾಗಿಲು ತೆಗೆದು ನೋಡಬೇಕು ಎಂದು ತೀರ್ಮಾನವಾಯಿತು. ಆಮೇಲೆ ಸುಮಾ ಒಂದು ಪುಸ್ತಕ ತೆಗೆದು ನಡಿಗೆ, ಸ್ನಾನ, ಬಟ್ಟೆ, ಊಟ, ಬಗ್ಗಿ ಏಳುವುದು ಎಂದು ಒಂದೊಂದಕ್ಕೂ ಅಂಕಿ ಹಾಕಿದಳು.

"ಅಜ್ಜಿಗೂ ಮಾರ್ಕ್ಸ್ ಕಾರ್ಡ್!" ಎಂದು ರಕ್ಷಿತಾ ನಕ್ಕಳು.

ಮನೋಹರ್ ನಗಲಿಲ್ಲ. "ಮಾರ್ಕ್ಸ್ ಕಡಿಮೆ ಆದ್ರೆ ಏನ್ಮಾಡ್ತೀರಾ?"

"ಕಡಿಮೆ ಆದ್ರೆ ನಿಮ್ಮನ್ನೆಲ್ಲ ಕರೆದು ಮತ್ತೆ ಕೂತು ಮಾತಾಡೋಣ ಸರ್."

ಈ ಮನೆಯಲ್ಲಿ ಕೂತು ಮಾತಾಡಿದ ಯಾವ ಮಾತೂ ಒಳ್ಳೆಯದಕ್ಕೆ ಆದದ್ದಿಲ್ಲ. ಹೊಲ ಹೋದದ್ದು ಹಾಗೆ ಕೂತು ಮಾತಾಡಿ. ಅಣ್ಣ ತಮ್ಮ ಬೇರೆಯಾದದ್ದೂ ಹಾಗೆಯೇ. ಮಾರಮ್ಮ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು. ಕಡಿಮೆಯಾದರೆ ಏನಾಗುತ್ತದೆ ಎಂದು ಇಬ್ಬರೂ ತಮ್ಮಷ್ಟಕ್ಕೇ ತೀರ್ಮಾನ ಮಾಡಿಕೊಂಡರು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಸಾಕಿತ್ತು, ಆದರೆ ನಮ್ಮವರು ಪುಸ್ತಕ ಪೆನ್ನು ಹಿಡಿದವರನ್ನು ಹಾಗೆ ಕೇಳುವುದಿಲ್ಲ.

*

ಸಂಕ್ರಾಂತಿ ಕಳೆದ ಮೇಲೆ ಮಾಲಾ ಒಂದೊಂದಾಗಿ ಗಮನಿಸತೊಡಗಿದಳು. ಊಟದ ಮನೆಯ ಕುರ್ಚಿಗಳು ಜಾಗ ಬದಲಿಸಿದ್ದವು. ಮಂಚದಿಂದ ಒಂದು, ಅಲ್ಲಿಂದ ನಾಲ್ಕು ಹೆಜ್ಜೆಗೆ ಇನ್ನೊಂದು, ಬಚ್ಚಲ ಬಾಗಿಲ ಹತ್ತಿರ ಮೂರನೆಯದು. ಅತ್ತೆ ಕುರ್ಚಿಯಿಂದ ಕುರ್ಚಿಗೆ ಹಿಡಿದುಕೊಂಡು ಹೋಗುತ್ತಿದ್ದಳು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ಸೆರಗು ಸರಿಯಿತು. ಭುಜದ ಮೇಲೆ ಅಂಗೈಯಗಲ ಕಪ್ಪಗಾಗಿತ್ತು.

"ಇದೇನ್ ಅತ್ತೆ?"

"ಬಾಗ್ಲು ತಗುಲ್ತು."

"ಬಾಗಿಲು ಭುಜದ ಹಿಂದೆ ತಗುಲುತ್ತಾ?"

"ತಗುಲ್ತು ಅಂದ್ರೆ ತಗುಲ್ತು. ಎಣ್ಣೆ ಅಚ್ಚು."

"ಸುಮಾ ನೋಡಿಲ್ವಾ? ವಾರಕ್ಕೆರಡು ಸಲ ಸ್ನಾನ ಮಾಡಿಸ್ತಾರಲ್ಲ."

ಮಾರಮ್ಮ ಎಣ್ಣೆ ಬಟ್ಟಲನ್ನು ಸೊಸೆಯ ಕಡೆ ತಳ್ಳಿದಳು. ಸುಮಾ ಬರುವ ದಿನ ತಾನೇ ಬೇಗ ಎದ್ದು ಹೇಗೋ ನೀರು ಸುರಿದುಕೊಂಡು, ಒಗೆದ ಸೀರೆ ಉಟ್ಟು, ಕುಂಕುಮವಿಟ್ಟು, ಮಂಚದ ಮೇಲೆ ನೆಟ್ಟಗೆ ಕೂತು, ನನ್ನದಾಯಿತು ಎನ್ನುತ್ತಿದ್ದಳು. ನೆಂಟರ ಮುಂದೆ ನರಳಬಾರದು ಎಂದು ಕಲಿತ ಜೀವ ಅದು. ಸುಮಾಳಿಗೆ ಬಾಳೆಹಣ್ಣು ಕೊಟ್ಟು, ಅವಳ ಮಗನ ಶಾಲೆಯ ಸುದ್ದಿ ಕೇಳಿ, ಅವಳು ಬಂದ ಕೆಲಸವನ್ನೇ ಮರೆಸಿ ಕಳಿಸುತ್ತಿದ್ದಳು.

ಫೆಬ್ರವರಿಯ ಮೊದಲ ವಾರ, ಒಂದು ಸಂಜೆ, ಮಾಲಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮಾರಮ್ಮ ಹತ್ತಿರ ಬಂದು ಕೂತು ಅವಳೂ ಒಂದು ಕಟ್ಟು ಎಳೆದುಕೊಂಡಳು.

"ಇವತ್ತು ರಂಗೋಲೆ ಆಕಕ್ಕೆ ಓಗಿ ಕೂತ್ಕಂಡೆ ಕಣೆ. ಎಂಗೋ ಆಕ್ದೆ, ಆಮ್ಯಾಕೆ ಏಳಕ್ಕಾಗ್ಲಿಲ್ಲ. ಬೀದೀಲಿ ಯಾರೂ ಇರ್ಲಿಲ್ಲ ಸದ್ಯ. ಗ್ವಾಡೆ ಇಡ್ಕಂಡು, ತೆವ್ಳಿ ಒಳಕ್ಕೆ ಬಂದೆ."

ಮಾಲಾಳ ಕೈ ನಿಂತಿತು.

"ನಾಳೆಯಿಂದ ನೀನೇ ಆಕ್ಬುಡು, ಓಗೋವಾಗ. ನನ್ ಥರಾನೇ."

"ಅತ್ತೆ, ಅದು ನೋಡಿನೇ ಗಂಗಾದೇವಿ…"

"ಗೊತ್ತು ಕಣೆ. ಒಂದಿನ ರಂಗೋಲೆ ಇಲ್ದಿದ್ರೆ ಅವ್ಳು ಬತ್ತಾಳೆ. ಅವ್ಳು ಸುಮಂಗೆ ಏಳ್ತಾಳೆ. ಸುಮಾ ಬುಕ್ಕಲ್ಲಿ ಬರ್ಕತಾಳೆ. ಆಮ್ಯಾಕೆ ಮನೋಹರ ಬತ್ತಾನೆ, ಕೂತು ಮಾತಾಡಕ್ಕೆ." ಮುದುಕಿ ಸೊಸೆಯ ಮೊಣಕೈ ಹಿಡಿದುಕೊಂಡಳು. "ಯುಗಾದಿ ಗಂಟ ಕಣವ್ವ. ಆಟೊತ್ತಿಗೆ ಕಾಲು ಸರ್‍ಯಾಗ್ತದೆ. ಯಾರ್‍ಗೂ ಏಳಲ್ಲ ಅಂತ ಮಾತ್ ಕೊಡು."

"ಇವರು, ರಕ್ಷಿತಾ ಏಳು ಗಂಟೆಗೆ ಹೋಗ್ತಾರೆ. ಹಿಂದೇನೇ ನಾನು ಪೊರಕೆ ಹಿಡಿಯೋದಾ? ನೀವೇ ಬೇಡ ಅಂತಿದ್ರಲ್ಲ?"

"ಇಡಿ. ದೋಸ ಬಂದ್ರೆ ನನ್ ತಲೆಗೆ ಬರ್ಲಿ."

ತನ್ನ ಕಟ್ಟಳೆಯನ್ನು ತಾನೇ ಮುರಿಯಲು ಹೇಳುವಷ್ಟು ಮುದುಕಿಗೆ ಹೆದರಿಕೆ ಹತ್ತಿದೆ ಎಂದು ಮಾಲಾಳಿಗೆ ಅರ್ಥವಾಯಿತು. ಅವಳು ಮಾತು ಕೊಟ್ಟಳು.

*

ಮಾರಮ್ಮನ ರಂಗೋಲಿ ಐದು ಚುಕ್ಕಿಯ ಕಮಲ. ಅದನ್ನು ಬರೆಯುವುದು ಕಷ್ಟವಲ್ಲ. ಆದರೆ ಮಾಲಾಳ ಗೆರೆ ನೆಟ್ಟಗೆ ಬರುತ್ತಿತ್ತು, ಅತ್ತೆಯದು ನಡುಗುತ್ತಿತ್ತು. ಮೊದಲ ದಿನ ನೆಟ್ಟಗೆ ಬಂದ ಗೆರೆಯನ್ನು ಅಳಿಸಿ, ಬೆರಳನ್ನು ಬೇಕೆಂದೇ ಅಲ್ಲಾಡಿಸಿ, ಅತ್ತೆಯ ನಡುಕವನ್ನೂ ಸೇರಿಸಿ ಎಳೆದಳು. ಬೇರೆಯವರ ರುಜು ಹಾಕಿದಷ್ಟೇ ನಾಚಿಕೆಯಾಯಿತು. ವ್ಯಾನಿನಲ್ಲಿ ಕೂತು ಉಗುರಿನೊಳಗಿನ ಬಿಳಿ ಪುಡಿಯನ್ನು ಪಿನ್ನಿನಿಂದ ಕೆರೆದು ತೆಗೆದಳು.

ನಾಲ್ಕನೇ ದಿನ ಮರೆತ ಪುಸ್ತಕಕ್ಕೆಂದು ವಾಪಸು ಬಂದ ರಕ್ಷಿತಾ ಬೀದಿಯಲ್ಲೇ ನಿಂತುಬಿಟ್ಟಳು.

"ಅಮ್ಮ, ಇದೇನ್ ಮಾಡ್ತಿದೀಯಾ?"

"ಕಾಣಲ್ವಾ? ಒಳಗೆ ಹೋಗಿ ಪುಸ್ತಕ ತಗೊಂಡು ಹೊರಡು."

"ಇದು ಚೀಟಿಂಗ್ ಅಲ್ವಾ?"

"ಯಾರಿಗೆ ಮೋಸ ಆಯ್ತು ಈಗ? ದೊಡ್ಡಪ್ಪಂಗಾ?"

"ಅಜ್ಜಿಗೇ," ಎಂದಳು ಹುಡುಗಿ.

"ಅಜ್ಜಿನೇ ಹೇಳಿದ್ದು. ಬಾಯಿ ಮುಚ್ಕೊಂಡು ಹೋಗು, ಬಸ್ ತಪ್ಪುತ್ತೆ." ಮಾಲಾ ಬೈದಳು, ಆದರೆ ಆ ದಿನವೆಲ್ಲ ಅವಳಿಗೆ ಊಟ ರುಚಿಸಲಿಲ್ಲ.

ಬೀದಿಗೆ ಮಾತ್ರ ಏನೂ ತಿಳಿಯಲಿಲ್ಲ. "ಅಜ್ಜಿ ಈಗ ಲಗೂನ ಹಾಕ್ತೀರಲ್ಲ?" ಎಂದು ಗಂಗಾದೇವಿ ಕೇಳಿದ್ದಕ್ಕೆ, "ಬಿಸ್ಲು ಏರೋಕೆ ಮುಂಚೆ ಮುಗುಸ್ಬುಡ್ತೀನಿ ಕಣವ್ವ," ಎಂದು ಮಾರಮ್ಮ ಸಲೀಸಾಗಿ ಹೇಳಿದಳು. ತಪ್ಪದೆ ಬೀಳುವ ರಂಗೋಲಿ ಸುಮಾಳ ಪುಸ್ತಕಕ್ಕೂ ಹೋಯಿತು. ಮಾರ್ಚ್ ಮೊದಲ ಭಾನುವಾರ ಅವಳು ಮಾಲಾಳಿಗೆ ಫೋನು ಮಾಡಿದಳು.

"ಮಾಲಾ ಅವರೇ, ಒಳ್ಳೇ ಸುದ್ದಿ. ಅಜ್ಜಿ ಒಂದು ತಿಂಗಳಿಂದ ಒಂದು ದಿನಾನೂ ತಪ್ಪಿಸಿಲ್ಲ. ಬಗ್ಗಿ ಏಳೋದಕ್ಕೆ ಪೂರ್ತಿ ಅಂಕ ಕೊಟ್ಟಿದೀನಿ. ಇನ್ಮೇಲೆ ಮಂಗಳವಾರ ಒಂದಿನ ಬಂದ್ರೆ ಸಾಕು ಅನ್ಸುತ್ತೆ. ಮಲ್ಲಸಂದ್ರದಲ್ಲಿ ಸಿದ್ದಲಿಂಗ ಅಂತ ಒಬ್ಬರು ತಾತ ಇದಾರೆ, ಹಾಸಿಗೆಯಿಂದ ಏಳಕ್ಕಾಗಲ್ಲ ಅವರಿಗೆ. ಶುಕ್ರವಾರ ಅಲ್ಲಿಗೆ ಹೋಗ್ಲಾ?"

ಮಾಲಾ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಬಾಗಿಲಿನಿಂದ ಅತ್ತೆ ಕಾಣುತ್ತಿದ್ದಳು: ಎರಡನೇ ಕುರ್ಚಿಯನ್ನು ಹಿಡಿದು, ಮೂರನೆಯದಕ್ಕೆ ಕೈ ಚಾಚಿ, ಅದು ಸಿಗದೆ ಗಾಳಿಯಲ್ಲಿ ತಡಕುತ್ತ ನಿಂತಿದ್ದಳು. ಈಗಲೇ ಹೇಳಿಬಿಡು ಎಂದು ಮಾಲಾಳ ಮನಸ್ಸು ಹೇಳಿತು. ಯುಗಾದಿಗೆ ಇನ್ನೆಷ್ಟು ದಿನ ಎಂದು ಅದೇ ಮನಸ್ಸು ಕೇಳಿತು.

"ಹೂಂ, ಹೋಗಿ ಬನ್ನಿ," ಎಂದಳು. "ಪಾಪ ಅವರಿಗೂ ಬೇಕಲ್ಲ."

*

ಆ ವಾರದ ಶುಕ್ರವಾರ ಮಾಲಾ ಹೊರಡುವಾಗ ಅತ್ತೆ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. "ಉಪ್ಪಿಟ್ಟು ಮುಚ್ಚಿಟ್ಟಿದೀನಿ, ಮಾತ್ರೆ ನುಂಗಿ," ಎಂದಳು ಮಾಲಾ. "ಓಗೇ, ವ್ಯಾನು ಬತ್ತದೆ," ಎಂದಳು ಮಾರಮ್ಮ. ಮಾಲಾ ಬಾಗಿಲಿಗೆ ನೀರು ಹಾಕಿದಳು. ಕಮಲ ಬರೆದಳು. ಈಗ ನಡುಕ ತಾನಾಗಿಯೇ ಬರುತ್ತಿತ್ತು.

ಹನ್ನೆರಡೂವರೆಗೆ ಊಟದ ಬೆಲ್ ಹೊಡೆಯಿತು. ಗಾರ್ಮೆಂಟ್ಸಿನಲ್ಲಿ ಫೋನನ್ನು ಲಾಕರಿನಲ್ಲಿಡಬೇಕು. ಊಟದ ಹೊತ್ತಿಗೆ ಮಾತ್ರ ಕೈಗೆ ಸಿಗುತ್ತದೆ. ಮಾಲಾ ಮನೆಗೆ ಮೂರು ಸಲ ಮಾಡಿದಳು, ಅತ್ತೆ ಎತ್ತಲಿಲ್ಲ. ಗಂಗಾದೇವಿಗೆ ಮಾಡಿದಳು.

"ನಮ್ಮತ್ತೆ ಫೋನ್ ತೆಗೀತಿಲ್ಲ ಗಂಗಾದೇವಿ."

"ಮಲಗಿರಬೇಕ್ರಿ ಅಕ್ಕಾರ. ಮುಂಜಾನೆ ನೋಡೇನಿ, ರಂಗೋಲಿ ಚಂದಂಗ ಹಾಕ್ಯಾಳ. ಇವತ್ತ ಇನ್ನೂರು ರೊಟ್ಟಿ ಆರ್ಡರ್ ಐತ್ರಿ. ಮುಗಿಸಿ ಮೂರಕ್ಕ ಹೋಗ್ತೀನಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೇಳಬೇಕಾದ ಮಾತು ಮಾಲಾಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಗಂಗಾದೇವಿಗೆ ಗೊತ್ತಾಗುತ್ತದೆ, ಅಲ್ಲಿಂದ ಸುಮಾಳಿಗೆ, ಅಲ್ಲಿಂದ ಮನೋಹರನಿಗೆ. ಅತ್ತೆ ಬರೀ ನಿದ್ದೆ ಮಾಡುತ್ತಿದ್ದರೆ? ಯುಗಾದಿಗೆ ಎರಡೇ ವಾರವಿರುವಾಗ ಎಲ್ಲವನ್ನೂ ತಾನೇ ಕೆಡಿಸಿದಂತಾಗುವುದಿಲ್ಲವೇ?

"ಸರಿ," ಎಂದಳು. "ಮೂರಕ್ಕೆ ನೋಡಿ."

ಮತ್ತೆ ಬೆಲ್ ಹೊಡೆಯಿತು. ಮಾಲಾ ತನ್ನ ಮೇಜಿಗೆ ಹೋಗಿ ಕೂತಳು. ಅವಳದು ಚೆಕ್ಕಿಂಗ್ ಕೆಲಸ, ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದು. ಒಂದಾದ ಮೇಲೊಂದು ಅಂಗಿ ಬಂತು, ಅವಳಿಗೆ ಕಾಲರ್ ಯಾವುದು ತೋಳು ಯಾವುದು ತಿಳಿಯಲಿಲ್ಲ. ಒಂದೂಮುಕ್ಕಾಲಿಗೆ ಎದ್ದು ಸೂಪರ್‌ವೈಸರ್ ನಂದಕುಮಾರನ ಮುಂದೆ ನಿಂತಳು.

"ಸರ್, ಒಂದು ಫೋನ್ ಮಾಡ್ಬೇಕು."

"ಊಟಕ್ಕೆ ಬಿಟ್ಟಾಗ ಮಾಡಿದ್ಯಲ್ಲಮ್ಮ?"

"ಮಾಡ್ದೆ ಸರ್. ಹೇಳ್ಬೇಕಾಗಿದ್ದು ಹೇಳ್ಲಿಲ್ಲ."

ಅವಳ ಮುಖ ನೋಡಿ ಅವನು ಮತ್ತೊಂದು ಮಾತಾಡದೆ ಲಾಕರಿನ ಕೀಲಿ ಕೊಟ್ಟ.

"ಗಂಗಾದೇವಿ, ಈಗಲೇ ಹೋಗಿ ನೋಡಿ. ಆ ರಂಗೋಲಿ ಅತ್ತೆ ಹಾಕಿದ್ದಲ್ಲ. ನಾನು ಹಾಕಿದ್ದು. ಒಂದು ತಿಂಗಳಿಂದ ನಾನೇ ಹಾಕ್ತಿರೋದು."

ಆ ಕಡೆ ರೊಟ್ಟಿಯ ಸದ್ದು ನಿಂತಿತು.

"ಏನಂದ್ರಿ?"

"ಬೇಗ ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ."

ಫೋನು ಕಿವಿಯಲ್ಲೇ ಇತ್ತು. ಚಪ್ಪಲಿಯ ಸದ್ದು, ಬೀಗದ ಸದ್ದು, ಅಜ್ಜೀ ಎಂದು ಒಮ್ಮೆ ಕೂಗಿದ್ದು, ಅಜ್ಜೀ ಎಂದು ಎರಡನೇ ಸಲ, ಇನ್ನೂ ಒಳಗಿನಿಂದ. ಆಮೇಲೆ ಗಂಗಾದೇವಿ ಕಿರುಚಿದ್ದು ಕೇಳಿಸಿತು.

*

ಮಾರಮ್ಮ ಬಚ್ಚಲ ಬಾಗಿಲಿನ ಮುಂದೆ, ಮಗುಚಿದ ಮೂರನೇ ಕುರ್ಚಿಯ ಪಕ್ಕ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು, ತುಟಿ ಒಣಗಿ ಒಡೆದಿತ್ತು. ಕೂಗಿ ಕೂಗಿ ದನಿ ಹೋಗಿತ್ತು. ತುಮಕೂರು ರಸ್ತೆಯ ಆಸ್ಪತ್ರೆಗೆ ಮಾಲಾ ಮುಟ್ಟುವಷ್ಟರಲ್ಲಿ ವಿಜಯ್ ಕುಮಾರ್, ಮನೋಹರ್ ಇಬ್ಬರೂ ಬಂದಿದ್ದರು. ಗಂಗಾದೇವಿ ಕೈಯ ಹಿಟ್ಟನ್ನೂ ತೊಳೆಯದೆ ಗೋಡೆಗೆ ಒರಗಿ ನಿಂತಿದ್ದಳು.

ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದರು. "ಸೊಂಟದ ಮೂಳೆ ಮುರಿದಿದೆ. ಅದಕ್ಕೆ ಆಪರೇಷನ್ ಮಾಡಬಹುದು. ಎಷ್ಟು ಹೊತ್ತು ನೆಲದ ಮೇಲೆ ಬಿದ್ದಿದ್ರು? ಅದು ಸರಿಯಾಗಿ ಗೊತ್ತಾಗ್ಬೇಕು. ಬಹಳ ಹೊತ್ತು ಒಂದೇ ಮಗ್ಗುಲಿಗೆ ಬಿದ್ದಿದ್ರೆ ಕಿಡ್ನಿಗೆ ಹೊಡೆತ ಬೀಳುತ್ತೆ. ಅದಕ್ಕೆ ಈಗಲೇ ಬೇರೆ ಚಿಕಿತ್ಸೆ ಶುರು ಮಾಡ್ಬೇಕು."

"ಒಂಬತ್ತು ಗಂಟೆಗೆ ರಂಗೋಲಿ ಇತ್ತಲ್ವಾ?" ಎಂದು ಮನೋಹರ್ ಗಂಗಾದೇವಿಯ ಕಡೆ ತಿರುಗಿದ. "ಅಂದ್ರೆ ಆಮೇಲೆ ಬಿದ್ದಿರ್ಬೇಕು."

ಗಂಗಾದೇವಿ ಮಾಲಾಳನ್ನು ನೋಡಿದಳು.

ತೆರೆದ ಬಾಗಿಲಿನೊಳಗೆ ಸ್ಟ್ರೆಚರಿನ ಮೇಲಿದ್ದ ಮಾರಮ್ಮನಿಗೆ ಇದೆಲ್ಲ ಕೇಳಿಸುತ್ತಿತ್ತು. ದನಿಯಿಲ್ಲದ ಗಂಟಲಿನಿಂದ ಅವಳು ಹೇಳಿದಳು: "ಊಂ. ರಂಗೋಲೆ ನಾನೇ ಆಕ್ದೆ. ಆಕ್ಬುಟ್ಟು ಒಳಕ್ಕೆ ಬಂದು… ಈಗ ಒಂದ್ ಗಳಿಗೆ ಮುಂಚೆ ಬಿದ್ದೆ."

ಹೇಳುತ್ತ ಸೊಸೆಯನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿದ್ದದ್ದು ನೋವಲ್ಲ, ಕೊಟ್ಟ ಮಾತು ಉಳಿಸು ಎಂಬ ಬೇಡಿಕೆ. ಜೀವ ಹೋದರೂ ಮನೆ ಹೋಗಬಾರದು ಎನ್ನುವ ಹಟ. ಮಾಲಾ ಡಾಕ್ಟರ ಮುಂದೆ ಹೋಗಿ ನಿಂತಳು.

"ಸುಳ್ಳು ಡಾಕ್ಟ್ರೇ," ಎಂದಳು. "ರಂಗೋಲಿ ನಾನು ಹಾಕಿದ್ದು, ಏಳೂಕಾಲಿಗೆ. ಅವರ ಕೈಲಿ ಆಗ್ತಿರ್ಲಿಲ್ಲ. ತಿಂಡಿ ಮುಚ್ಚಿಟ್ಟ ಹಾಗೇ ಇತ್ತಂತೆ, ಮಾತ್ರೆನೂ ತಗೊಂಡಿಲ್ಲ. ಅಂದ್ರೆ ನಾನು ಹೋದ ಹಿಂದೇನೇ ಬಿದ್ದಿದಾರೆ. ಬಿದ್ದು ಆರು ಗಂಟೆ ಹೊತ್ತಿನ ಮೇಲಾಯ್ತು."

ಡಾಕ್ಟರು ನರ್ಸನ್ನು ಕೂಗುತ್ತ ಒಳಗೆ ಓಡಿದರು. ಮಾರಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ವಿಜಯ್ ಕುಮಾರ್ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ನನಗೂ ಹೇಳ್ಲಿಲ್ವಲ್ಲೇ."

"ನನಗರ ಹೇಳಬಾರದಿತ್ತೇನ್ರಿ?" ಎಂದಳು ಗಂಗಾದೇವಿ. ಅವಳು ಅಳುತ್ತಿದ್ದಳು. "ಹತ್ತು ಹೆಜ್ಜಿ ಆಚೆ ಕೂತಿದ್ನಲ್ರೀ. ರಂಗೋಲಿ ದಾಟಿ ಬಂದು ಒಂದು ಸಲ ಬಾಗಲಾ ಬಡೀಲಿಲ್ಲಲ್ರೀ ನಾ."

ಮನೋಹರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನು ತೆಗೆದು ಚಿಕ್ಕಬಾಣಾವರದ ನರ್ಸಿಂಗ್ ಹೋಮಿಗೆ, "ಒಂದು ಹಾಸಿಗೆ ಕಾದಿರಿಸಿ, ಬರೋದು ಎರಡು ವಾರ ಆಗ್ಬಹುದು," ಎಂದು ಹೇಳಿ ಜೇಬಿಗಿಟ್ಟುಕೊಂಡ.

ಸುಮಾ ಬಂದದ್ದು ಐದು ಗಂಟೆಗೆ, ಮಲ್ಲಸಂದ್ರದಿಂದ ನೇರವಾಗಿ. ಎಲ್ಲವನ್ನೂ ಕೇಳಿ ಅವಳು ಬೆಂಚಿನ ಮೇಲೆ ಮಾಲಾಳ ಪಕ್ಕ ಕೂತಳು.

"ಅಜ್ಜಿ ಬಗ್ಗೋಕಾಗ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಹೇಳಿದ್ರೆ ಅಂಕ ಕಡಿಮೆ ಆಗ್ತಿತ್ತಲ್ಲ. ಆಮೇಲೆ ಕೂತು ಮಾತಾಡಿ, ಕಳಿಸೋದೇ ತಾನೇ?"

"ಯಾರು ಹೇಳಿದ್ದು ನಿಮಗೆ?" ಸುಮಾ ಅವಳನ್ನೇ ನೋಡಿದಳು. "ಅಂಕ ಕಡಿಮೆ ಆದ್ರೆ ನಾವು ದಿನಾ ಬರ್ತೀವಿ ಮಾಲಾ ಅವರೇ. ಹಗಲು ಜೊತೇಲಿರೋಕೆ ಒಬ್ಬರನ್ನ ಕಳಿಸ್ತೀವಿ. ನಡೆಯೋಕೆ ವಾಕರ್ ಕೊಡ್ತೀವಿ. ಕೂತು ಮಾತಾಡೋಣ ಅಂದಿದ್ದು ಅದಕ್ಕೇ. ಆ ಪುಸ್ತಕ ಇರೋದು ಯಾರಿಗೆ ಜಾಸ್ತಿ ಸಹಾಯ ಬೇಕು ಅಂತ ನೋಡೋಕೆ, ಯಾರನ್ನ ಕಳಿಸ್ಬೇಕು ಅಂತಲ್ಲ." ಚೀಲದೊಳಗಿನ ಪುಸ್ತಕವನ್ನು ಮುಟ್ಟಿ ಮತ್ತೆ ಹೇಳಿದಳು: "ನಾನೂ ಬಿಡಿಸಿ ಹೇಳ್ಲಿಲ್ಲ. ಸೀರೆ ಕುಂಕುಮ ನೋಡಿ ನಂಬಿಬಿಟ್ಟೆ."

ಮಾಲಾಳ ಉಗುರಿನೊಳಗೆ ಬೆಳಗಿನ ಪುಡಿ ಇನ್ನೂ ಇತ್ತು. ಅದನ್ನು ನೋಡುತ್ತ ಕೂತಳು.

*

ಮಾರಮ್ಮ ಉಳಿದಳು. ಆರು ಗಂಟೆ ಹೊತ್ತು ಬಿದ್ದಿದ್ದಳೆಂದು ಮಾಲಾ ಹೇಳಿದ್ದರಿಂದಲೇ ಕಿಡ್ನಿ ಉಳಿಯಿತು ಎಂದು ಡಾಕ್ಟರು ಎರಡು ಸಲ ಹೇಳಿದರು. ಸೊಂಟಕ್ಕೆ ಆಪರೇಷನ್ ಆಯಿತು. ಹದಿನಾಲ್ಕು ದಿನ ಅವಳು ಸೊಸೆಯ ಕೈಯಲ್ಲಿ ಗಂಜಿ ಕುಡಿದಳು, ಸೊಸೆಯ ಕೈಯಲ್ಲಿ ಮೈ ಒರೆಸಿಕೊಂಡಳು, ಒಂದು ಮಾತಾಡಲಿಲ್ಲ. ಮನೆಗೆ ಕರೆದೊಯ್ಯೋಣ, ದಿನವೂ ತಾವು ಬರುತ್ತೇವೆ ಎಂದು ಸುಮಾ ಮನೋಹರನ ಆಫೀಸಿಗೇ ಹೋಗಿ ಕೇಳಿದಳು. "ನಿಮ್ಮ ಮೇಲೆ ಸಿಟ್ಟಿಲ್ಲಮ್ಮ," ಎಂದನಂತೆ ಅವನು. "ಆ ಮನೇಲಿ ನನಗೆ ಯಾರು ನಿಜ ಹೇಳ್ತಾರೆ, ಅದು ಹೇಳಿ." ವಿಜಯ್ ಕುಮಾರ್ ಅಣ್ಣನ ಮಾತಿಗೆ ತಲೆಯಾಡಿಸಿದ. ಮಾಲಾಳ ಮಾತು ಯಾರೂ ಕೇಳಲಿಲ್ಲ, ಕೇಳಿ ಎನ್ನುವ ಬಾಯಿ ಅವಳಿಗೂ ಉಳಿದಿರಲಿಲ್ಲ.

ಯುಗಾದಿಯ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಆಂಬುಲೆನ್ಸ್ ಹೊರಟಿತು. ಮುಂದೆ ಮನೋಹರ್, ಹಿಂದೆ ಅತ್ತೆಯ ಪಕ್ಕ ಮಾಲಾ. ಗಾಜಿಗೆ ಬಿಳಿ ಬಣ್ಣ ಬಳಿದಿದ್ದರಿಂದ ಮಲಗಿದವರಿಗೆ ಹೊರಗಿನದು ಕಾಣುತ್ತಿರಲಿಲ್ಲ. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಗಾಡಿ ಹೆಸರಘಟ್ಟ ರಸ್ತೆಗೆ ತಿರುಗಿತು; ಮನೆಗೂ ಚಿಕ್ಕಬಾಣಾವರಕ್ಕೂ ಇದೇ ದಾರಿ. ಮಾರಮ್ಮನ ಕಣ್ಣು ಅರಳಿತು. ಈ ರಸ್ತೆ ಅವಳದು; ಇದು ಹೊಲದ ನಡುವಿನ ಗಾಡಿದಾರಿಯಾಗಿದ್ದಾಗಲೇ ಅವಳು ಇಲ್ಲಿ ಹುಲ್ಲಿನ ಹೊರೆ ಹೊತ್ತು ನಡೆದವಳು. ಹದಿನಾಲ್ಕು ದಿನದ ಮೇಲೆ ಮೊದಲ ಸಲ ಅವಳ ಕೈ ಸೊಸೆಯ ಕೈಯನ್ನು ಹುಡುಕಿ ಹಿಡಿಯಿತು.

"ನಾಳೆ ಅಬ್ಬ," ಎಂದಳು. "ಬೇವು ತಂದಿದ್ದೀಯೇನೆ?"

ಹೂಂ ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ಅಲ್ಲಿ ಮುಟ್ಟುವ ತನಕವಾದರೂ ಮುದುಕಿ ನಗುತ್ತ ಮಲಗಿರುತ್ತಿದ್ದಳು.

"ಇಲ್ಲ ಅತ್ತೆ. ತಂದಿಲ್ಲ."

ತಮ್ಮ ಬೀದಿಯ ತಿರುವಿನಲ್ಲಿರುವ ಹಿಟ್ಟಿನ ಗಿರಣಿಯ ಸದ್ದು ಹತ್ತಿರ ಬಂತು. ಹಬ್ಬಕ್ಕೆ ಹಿಟ್ಟು ಬೀಸುವವರ ಗದ್ದಲ, ರಾಗಿಯ ಬಿಸಿ ವಾಸನೆ. ಮಾರಮ್ಮ ತಲೆ ಎತ್ತಲು ನೋಡಿದಳು. ಗಾಡಿ ನಿಧಾನಿಸಲಿಲ್ಲ. ಸದ್ದು ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು, ಸಣ್ಣದಾಯಿತು.

"ಮಾಲಾ, ನಮ್ ತಿರುವು ಓಯ್ತಲ್ಲೇ."

"ಹೌದು ಅತ್ತೆ," ಎಂದಳು ಮಾಲಾ. "ಹೋಯ್ತು."